ಈಯುವ ಹಸು, ಕಾವಿಗೆ ಕೂತ ಕೋಳಿ ಮತ್ತು ನಮ್ಮ ಪಾಠಪುಸ್ತಕ

ಪ್ರಾಣಿಗಳು ಸಂತಾನ ಪಡೆಯುವ ಬಗೆಯನ್ನು ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಹೇಗೆ ಹೇಳಲಾಗುತ್ತಿದೆ ಎಂಬುದನ್ನು ಸ್ವಲ್ಪ ವಿಮರ್ಶಿಸಿ ನೋಡಬೇಕೆಂದು ಈ ಲೇಖನ. ವಿಷಯ ವಿಜ್ಞಾನದ್ದಾದರೂ ನಮ್ಮ ತಕರಾರು ಮುಖ್ಯವಾಗಿ ಬರವಣಿಗೆಯ ಮೇಲೆ. ನಾವು ವಿಜ್ಞಾನಿಗಳಲ್ಲ. ಬಿ.ಎಸ್‌ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿ, ಅನಂತರ ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಇಪ್ಪತ್ತು ವರ್ಷ ಕಡತಗಳ ನಡುವೆ ಕಳೆದವರು. ಆದರೆ ಕಡತದ ಭಾಷೆ ಎಲ್ಲೇ ಕಂಡರೂ ಗುರುತು ಹಿಡಿಯುವಷ್ಟು ಅನುಭವ ನಮಗಿದೆ.

ಕಳೆದ ವರ್ಷದ ಮಳೆಗಾಲದಲ್ಲಿ, ಡೊಂಬಿವಲಿಯ ನಮ್ಮ ಮನೆಯ ಬಾಲ್ಕನಿಯಲ್ಲಿ ತುಳಸಿ ಕುಂಡದ ಮಣ್ಣು ಬದಲಿಸುತ್ತಿದ್ದಾಗ ಎರೆಹುಳದಂತೆ ಕಂಡರೂ ಎರೆಹುಳವಲ್ಲದ, ಕಪ್ಪಗೆ ಹೊಳೆಯುವ, ಗೇಣುದ್ದಕ್ಕಿಂತ ಚಿಕ್ಕ ಜೀವಿಯೊಂದು ಹೊರಬಿತ್ತು. ಹಾವಿನ ಮರಿ ಎಂದು ಮನೆಯಲ್ಲಿ ಕೂಗೆದ್ದಿತು. ಪ್ರಾಣಿಶಾಸ್ತ್ರ ಓದಿದ ನಾವೇ ಚಪ್ಪಲಿಯಿಂದ ಹೊಡೆದು ಕೊಂದೆವು. ಶಾಲೆಗೆ ಹೋಗುವ ಮಗಳು ಕೇಳಿದಳು: "ಮರಿ ಇಲ್ಲಿದ್ದರೆ ಇದರ ಅಪ್ಪ, ಅಮ್ಮ ಎಲ್ಲಿ? ಮೂರನೆಯ ಮಹಡಿಗೆ ಹೇಗೆ ಬಂದವು?" ನಮಗೆ ಉತ್ತರ ಹೊಳೆಯಲಿಲ್ಲ. ಪುಸ್ತಕದಲ್ಲಿರುತ್ತದೆ, ಓದಿಕೋ ಎಂದೆವು. ದೊಡ್ಡವರು ತಪ್ಪಿಸಿಕೊಳ್ಳುವ ಹಳೆಯ ದಾರಿ ಅದು.

ಅವಳು ಓದುವುದು ಇಂಗ್ಲಿಷ್ ಮಾಧ್ಯಮದಲ್ಲಿ. ಕನ್ನಡದಲ್ಲೂ ತಿಳಿಯಲೆಂದು ಊರಿನಿಂದ ತಂದಿದ್ದ ಎರಡು ಮೂರು ಪುಸ್ತಕಗಳನ್ನು ಆ ರಾತ್ರಿ ತೆರೆದು ಕುಳಿತೆವು. ಅವುಗಳನ್ನು ಹೆಸರಿಸಿ ದೂರುವುದು ನಮ್ಮ ಉದ್ದೇಶವಲ್ಲ, ಏಕೆಂದರೆ ದೋಷ ಒಂದು ಪುಸ್ತಕದ್ದಲ್ಲ, ಒಂದು ಧಾಟಿಯದು. ಎಲ್ಲದರಲ್ಲಿಯೂ ಎರಡು ಕೋಷ್ಟಕಗಳು: ಅಮೀಬಾ ಮತ್ತು ಹೈಡ್ರಾ ಅಲೈಂಗಿಕ, ಮೀನು, ಕಪ್ಪೆ, ಕೋಳಿ, ಹಸು, ಮನುಷ್ಯ ಲೈಂಗಿಕ. 'ನಿಷೇಚನ ನಡೆದು ಯುಗ್ಮಜ ಉಂಟಾಗುತ್ತದೆ', 'ದ್ವಿವಿದಳನದಿಂದ ಸಂತಾನೋತ್ಪತ್ತಿ ಜರುಗುತ್ತದೆ' ಎಂಬ ಜಾತಿಯ ವಾಕ್ಯಗಳು. ಓದುತ್ತಿದ್ದಂತೆ ನಮಗೆ ನಮ್ಮ ಕಚೇರಿಯ ಟಿಪ್ಪಣಿಗಳ ನೆನಪಾಯಿತು. 'ಕ್ರಮ ಕೈಗೊಳ್ಳಲಾಗಿದೆ' ಎಂದು ಬರೆಯುತ್ತೇವೆ. ಯಾರು ಕೈಗೊಂಡರು ಎಂಬುದು ಯಾರಿಗೂ ತಿಳಿಯದು. ಹಾಗೆಯೇ ಈ ಪಾಠದಲ್ಲೂ ಎಲ್ಲವೂ ಜರುಗುತ್ತದೆ, ಯಾವ ಪ್ರಾಣಿಯೂ ಏನನ್ನೂ ಮಾಡುವುದಿಲ್ಲ.

ಕನ್ನಡಕ್ಕೆ ಈ ವಿಷಯದಲ್ಲಿ ಶಬ್ದಗಳ ಬಡತನವಿದೆಯೆ? ಖಂಡಿತ ಇಲ್ಲ. ಹಸು ಬೆದೆಗೆ ಬರುತ್ತದೆ, ಗಬ್ಬವಾಗುತ್ತದೆ, ಈಯುತ್ತದೆ. ಮಾಸು ಬೀಳುತ್ತದೆ, ಈದ ಹಸುವಿನ ಮೊದಲ ಹಾಲು ಗಿಣ್ಣು. ಕೋಳಿ ತತ್ತಿಯಿಟ್ಟು ಕಾವಿಗೆ ಕೂರುತ್ತದೆ. ಮನುಷ್ಯರು ಹೆರುತ್ತಾರೆ, ಹಡೆಯುತ್ತಾರೆ, ದನ ಈಯುತ್ತದೆ. ಇಷ್ಟು ನಯವಾದ ಭೇದ ಇಂಗ್ಲಿಷಿನ ಸಾಧಾರಣ ಮಾತಿನಲ್ಲಿ ಸಿಗುವುದಿಲ್ಲ. ಈ ಯಾವ ಮಾತೂ ಅಶ್ಲೀಲವಲ್ಲ. ನಮ್ಮ ಅಜ್ಜಿಯರು ಜಗಲಿಯಲ್ಲಿ ಕುಳಿತು, ಮಕ್ಕಳ ಎದುರಿಗೇ ಆಡುತ್ತಿದ್ದ ಮಾತುಗಳು. 'ಯುಗ್ಮಜ' ಬೇಡವೆಂದು ನಾವು ಹೇಳುತ್ತಿಲ್ಲ. ಶಾಸ್ತ್ರಕ್ಕೆ ಪರಿಭಾಷೆ ಬೇಕು. ಆದರೆ ಪರಿಭಾಷೆ ಬರಬೇಕಾದದ್ದು ಬಲ್ಲ ಮಾತಿನ ಬೆನ್ನ ಹಿಂದೆ, ಅದರ ಬದಲಿಗೆ ಅಲ್ಲ.

ಅಲೈಂಗಿಕ ಎಂಬುದಕ್ಕೂ ಹೈಡ್ರಾದವರೆಗೆ ಹೋಗಬೇಕಾಗಿಲ್ಲ. ಬಾಳೆಯ ಬುಡದಲ್ಲೇಳುವ ಮರಿಯನ್ನು ನಾವು 'ಕಂದು' ಎನ್ನುತ್ತೇವೆ. ಅದಕ್ಕೆ ಬೀಜ ಬೇಕಿಲ್ಲ, ತಾಯಿಯ ಗುಣವೆಲ್ಲ ಅದರಲ್ಲಿರುತ್ತದೆ. ಕಂದನ್ನು ಬಲ್ಲ ಮಗುವಿಗೆ ಹೈಡ್ರಾದ ಮೈಮೇಲೆ ಮೊಗ್ಗು ಮೂಡಿ, ಬೆಳೆದು, ಕಳಚಿಕೊಂಡು ಬೇರೆ ಹೈಡ್ರಾ ಆಗುತ್ತದೆ ಎನ್ನುವುದು ಒಂದೇ ಮಾತಿನಲ್ಲಿ ಅರ್ಥವಾದೀತು.

ಎರಡನೆಯ ಆಕ್ಷೇಪ ಆ ಎರಡು ಕೋಷ್ಟಕಗಳ ಮೇಲೆ. ಬರಿಗಣ್ಣಿಗೆ ಸರಿಯಾಗಿ ಕಾಣದ ಕ್ಷುದ್ರ ಜೀವಿಗಳು ಮಾತ್ರ ಒಂಟಿಯಾಗಿ ಸಂತಾನ ಪಡೆಯುತ್ತವೆ, ಉಳಿದವರೆಲ್ಲ ಜೋಡಿಯಾಗಿ ಎಂಬ ಭಾವನೆ ಅವುಗಳಿಂದ ಹುಟ್ಟುತ್ತದೆ. ನಾವು ಕೊಂದ ಜೀವಿಯೇ ಇದಕ್ಕೆ ಉತ್ತರ. ಅದು ಮರಿಯಲ್ಲ, ಬಹುಶಃ ಬೆಳೆದ ಹಾವೇ. ನಮ್ಮಲ್ಲಿ ಕುರುಡು ಹಾವು, ಹುಳಹಾವು ಎನ್ನುತ್ತಾರೆ, ಮರಾಠಿಯಲ್ಲಿ ವಾಳಾ. ವಿಷವಿಲ್ಲ. ಇರುವೆ, ಗೆದ್ದಲುಗಳ ಮೊಟ್ಟೆ ಮರಿಗಳೇ ಅದರ ಆಹಾರ. ಶಾಸ್ತ್ರೀಯ ಹೆಸರು ಇಂಡೋಟಿಫ್ಲಾಪ್ಸ್ ಬ್ರಾಮಿನಸ್. ಈ ಜಾತಿಯಲ್ಲಿ ಗೊತ್ತಿರುವವೆಲ್ಲ ಹೆಣ್ಣುಗಳೇ. ಗಂಡಿನ ಸಂಪರ್ಕವಿಲ್ಲದೆ ಹೆಣ್ಣು ಮೊಟ್ಟೆಯಿಡುತ್ತದೆ, ಅದರಿಂದ ಮತ್ತೆ ಹೆಣ್ಣೇ ಹುಟ್ಟುತ್ತದೆ. ಸಾಮಾನ್ಯ ಪ್ರಾಣಿಗಳಲ್ಲಿ ವರ್ಣತಂತುಗಳ ಎರಡು ಜೊತೆಗಳಿದ್ದರೆ ಇದರಲ್ಲಿ ಮೂರು ಎಂದು 1987ರಲ್ಲಿ ತಿಳಿದುಬಂತು. ಒಂದೇ ಹಾವು ಕುಂಡದ ಮಣ್ಣಿನಲ್ಲಿ ಸಾಗಿಹೋದರೆ ಸಾಕು, ಹೊಸ ಊರಿನಲ್ಲಿ ಸಂಸಾರ ಹೂಡೀತು. ಹೀಗೆಯೇ ಅದು ಸಮುದ್ರ ದಾಟಿ ಅಮೆರಿಕದವರೆಗೂ ಹೋಗಿದೆ. ಮೂರನೆಯ ಮಹಡಿಗೆ ಬಂದ ದಾರಿಯೂ ನರ್ಸರಿಯ ಮಣ್ಣೇ ಇರಬೇಕು. ಮಗಳ ಪ್ರಶ್ನೆಗೆ ಉತ್ತರ ಇಷ್ಟೇ: ಅದಕ್ಕೆ ಅಮ್ಮನಿದ್ದಳು, ಅಪ್ಪನಿರಲಿಲ್ಲ.

ಈಗ ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯೋಣ? ಮೊಟ್ಟೆಯಿದೆ, ತಾಯಿಯಿದ್ದಾಳೆ, ಗಂಡಿಲ್ಲ. ಅನಿಷೇಕ ಜನನ ಎಂಬ ಹೆಸರಿದೆಯಾದರೂ ಮಕ್ಕಳ ಪುಸ್ತಕಗಳಲ್ಲಿ ಅದಕ್ಕೆ ಜಾಗ ಸಿಕ್ಕಿಲ್ಲ. ಇದು ಅಪರೂಪದ ವಿಚಿತ್ರವೂ ಅಲ್ಲ. ದಾಸವಾಳದ ಚಿಗುರಿಗೆ ಮುತ್ತುವ ಸಸ್ಯಹೇನುಗಳನ್ನು ನೋಡಿರಿ. ಹೆಣ್ಣುಹೇನು ಗಂಡಿಲ್ಲದೆಯೇ ಜೀವಂತ ಹೆಣ್ಣುಮರಿಗಳನ್ನು ಈಯುತ್ತದೆ. ಆ ಮರಿಯ ಹೊಟ್ಟೆಯಲ್ಲಿ ಮುಂದಿನ ಪೀಳಿಗೆಯ ಭ್ರೂಣ ಆಗಲೇ ಬೆಳೆಯುತ್ತಿರುತ್ತದೆ. 1740ರಲ್ಲಿ ಜಿನೀವಾದ ಷಾರ್ಲ್ ಬಾನೆ ಎಂಬ ಇಪ್ಪತ್ತರ ತರುಣ ಒಂದು ಹೇನುಮರಿಯನ್ನು ಒಂಟಿಯಾಗಿಟ್ಟು ದಿನವೂ ಕಾದು ನೋಡಿ ಇದನ್ನು ಸಿದ್ಧಪಡಿಸಿದ. ಇನ್ನು ಜೇನಿನಲ್ಲಿ ಎರಡೂ ಬಗೆ ಒಂದೇ ಗೂಡಿನಲ್ಲಿವೆ: ರಾಣಿಯ ಫಲಿತ ಮೊಟ್ಟೆಯಿಂದ ಹೆಣ್ಣು, ಫಲಿಸದ ಮೊಟ್ಟೆಯಿಂದ ಗಂಡು. ಗಂಡುಜೇನಿಗೆ ತಂದೆಯಿಲ್ಲ, ತಾಯಿಯ ತಂದೆಯಿದ್ದಾನೆ!

ಮೂರನೆಯದಾಗಿ, 'ಏಕೆ' ಎಂಬ ಪ್ರಶ್ನೆಯನ್ನು ಈ ಪಾಠಗಳು ಎತ್ತುವುದೇ ಇಲ್ಲ. ಒಂಟಿಯಾಗಿ ಇಷ್ಟು ಸುಲಭವಾಗಿ ಸಂತಾನವಾಗುವುದಾದರೆ ಜೋಡಿ ಹುಡುಕುವ ಕಷ್ಟವೇಕೆ? ಇದಕ್ಕೂ ಬಾಳೆಯೇ ಉತ್ತರ ಹೇಳುತ್ತದೆ. ನಂಜನಗೂಡಿನ ರಸಬಾಳೆ ಪನಾಮಾ ಸೊರಗು ರೋಗಕ್ಕೆ ಸಿಕ್ಕಿ ಅಳಿವಿನ ಅಂಚಿಗೆ ಬಂದುದನ್ನು ಬಲ್ಲೆವು. ಕಂದಿನಿಂದ ಬಂದವೆಲ್ಲ ಒಂದೇ ಅಚ್ಚು. ಒಂದನ್ನು ಕೆಡವಿದ ರೋಗ ಎಲ್ಲವನ್ನೂ ಕೆಡವಬಲ್ಲದು. ತಂದೆ ತಾಯಿಗಳಿಬ್ಬರ ಗುಣ ಕಲೆತರೆ ಪ್ರತಿ ಮರಿಯೂ ಬೇರೆ, ಕೆಲವಾದರೂ ಉಳಿದಾವು. ಸಸ್ಯಹೇನೂ ಶೀತದೇಶಗಳಲ್ಲಿ ಚಳಿ ಹತ್ತಿರವಾದಾಗ ಗಂಡುಗಳನ್ನು ಹುಟ್ಟಿಸಿ, ಕೂಡಿ, ಮೊಟ್ಟೆಯಿಡುತ್ತದೆ. ಕಾಲ ಸುಗಮವಾಗಿದ್ದಾಗ ಒಂದು ದಾರಿ, ಕಠಿಣವಾದಾಗ ಇನ್ನೊಂದು.

ಜೋಡಿಯಾಗುವುದೆಂದರೆ ಎಷ್ಟು ಪಾಡು ಎಂಬುದಕ್ಕೆ ನಮ್ಮ ಠಾಣೆ ಖಾಡಿಯ ಫ್ಲೆಮಿಂಗೊಗಳೇ ಸಾಕ್ಷಿ. 2015ರಲ್ಲಿ ಈ ಖಾಡಿ ಅವುಗಳ ಅಭಯಾರಣ್ಯವಾಯಿತು, 2022ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿತು. ಐರೋಲಿಯಲ್ಲಿ, ನೆರೂಳಿನಲ್ಲಿ ಮಕ್ಕಳಿಗೆ ಅವನ್ನು ತೋರಿಸಿ ಬರುತ್ತೇವೆ. ಆದರೆ ಅವು ಇಲ್ಲಿ ಮೊಟ್ಟೆಯಿಡುವುದಿಲ್ಲ. ಇಲ್ಲಿ ಹೊಟ್ಟೆ ಹೊರೆದುಕೊಂಡು, ಸಂತಾನಕ್ಕಾಗಿ ಕಚ್ಛದ ರಣದಂಥ ಉಪ್ಪುನೆಲಗಳಿಗೆ ಹೋಗುತ್ತವೆ. ಕೆಸರಿನ ಗುಪ್ಪೆ ಕಟ್ಟಿ ಒಂದೇ ಮೊಟ್ಟೆಯಿಟ್ಟು, ಗಂಡೂ ಹೆಣ್ಣೂ ಸರದಿಯಲ್ಲಿ ಕಾವು ಕೊಟ್ಟು, ಇಬ್ಬರೂ ತಮ್ಮ ಗಂಟಲಲ್ಲೂರುವ ಕೆಂಪು ಹಾಲನ್ನು ಮರಿಗೆ ಉಣಿಸುತ್ತಾರೆ. ಸಂಬಳ ಇಲ್ಲಿ, ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬ ನಮ್ಮವರ ಪದ್ಧತಿಯನ್ನು ಓದುಗರು ನೆನಪಿಸಿಕೊಂಡಾರು.

ಇಂಥದನ್ನು ಕನ್ನಡದಲ್ಲಿ ಬರೆಯಲಾಗದೆಂದು ಯಾರೂ ಹೇಳಲಾರರು. 1936ರಷ್ಟು ಹಿಂದೆಯೇ ಕಾರಂತರು ಮಕ್ಕಳಿಗಾಗಿ 'ಬಾಲ ಪ್ರಪಂಚ' ಕೊಟ್ಟರು. ವೈದ್ಯೆ ಅನುಪಮಾ ನಿರಂಜನ 'ತಾಯಿ-ಮಗು', 'ವಧುವಿಗೆ ಕಿವಿಮಾತು' ಬರೆದು ಹೆರಿಗೆ, ದಾಂಪತ್ಯಗಳ ಮಾತನ್ನು ಸಾಮಾನ್ಯ ಗೃಹಿಣಿಯ ಕೈಗೆ ಮುಟ್ಟಿಸಿದರು. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಸಸ್ಯಶಾಸ್ತ್ರದ ಪುಸ್ತಕವಾಗಿಯೂ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ತೇಜಸ್ವಿಯವರು 1980ರ 'ಕರ್ವಾಲೊ'ದಲ್ಲಿ ಒಂದು ಹಾರುವ ಓತಿಯ ಹಿಂದೆ ಕಾದಂಬರಿಯನ್ನೇ ಓಡಿಸಿದರು. ಇವರೆಲ್ಲ ಪ್ರಾಣಿಯನ್ನೋ ಗಿಡವನ್ನೋ ಮನುಷ್ಯರನ್ನೋ ಮೊದಲು ಕಣ್ಣಾರೆ ಕಂಡು ಅನಂತರ ಬರೆದವರು. ಪಾಠ ಬರೆಯುವವರು ಇವರ ಹಾದಿ ಹಿಡಿಯಬೇಕೆಂಬುದು ನಮ್ಮ ಕೋರಿಕೆ.

ಆದರೆ ತಪ್ಪೆಲ್ಲ ಪುಸ್ತಕದ ಮೇಲೆ ಹೊರಿಸುವುದೂ ನ್ಯಾಯವಲ್ಲ. 'ಈಯುವುದು' ಎಂಬ ಮಾತು ನಮ್ಮ ಮಗಳಿಗೆ ಗೊತ್ತಿರಲಿಲ್ಲ. ಅದನ್ನು ಕಲಿಸಬೇಕಾದವರು ನಾವು, ಸಂಕೋಚದಿಂದಲೋ ಲೋಕಲ್ ಗಾಡಿಯ ದಣಿವಿನಿಂದಲೋ ಕಲಿಸಲಿಲ್ಲ. ಮೇ ತಿಂಗಳಲ್ಲಿ ಊರಿಗೆ ಹೋದಾಗ ನೆರೆಮನೆಯ ಎಮ್ಮೆ ಈಯುವಾಗ ಅವಳನ್ನು ಕೊಟ್ಟಿಗೆಗೆ ಕರೆದೊಯ್ದೆವು. ನಾವು ಹೆದರಿದ್ದಂತೆ ಅವಳೇನೂ ನಾಚಲಿಲ್ಲ. ಕೇಳಿದ್ದೆಲ್ಲ ನೇರವಾದ ಪ್ರಶ್ನೆಗಳನ್ನೇ, ಸಾಧ್ಯವಾದಷ್ಟಕ್ಕೆ ಉತ್ತರಿಸಿದೆವು.

ಈ ಮಳೆಗಾಲದಲ್ಲಿ ತುಳಸಿ ಕುಂಡದಲ್ಲಿ ಮತ್ತೊಂದು ಕುರುಡು ಹಾವು ಕಂಡಿತು. ಮಗಳು ಅದರ ಮೇಲೆ ಮಣ್ಣು ಮುಚ್ಚಿದಳು. ನಾವು ಚಪ್ಪಲಿ ಎತ್ತಲಿಲ್ಲ.