ಒಂದರ ಪಕ್ಕ ಇನ್ನೊಂದು: ಮಲಪ್ರಭೆಯ ದಂಡೆಯಲ್ಲಿ ಗುಡಿ ನೋಡುವ ಬಗೆ

ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರನ್ನೂ ಒಂದೇ ದಿನದಲ್ಲಿ ಮುಗಿಸಿ ಬರುವವರೇ ಹೆಚ್ಚು. ಹೇಗಿತ್ತು ಎಂದು ಕೇಳಿದರೆ ‘ಕೆತ್ತನೆ ಅದ್ಭುತ’ ಎನ್ನುತ್ತಾರೆ. ಯಾವ ಕೆತ್ತನೆ, ಯಾವುದಕ್ಕಿಂತ ಅದ್ಭುತ ಎಂದು ಮುಂದಕ್ಕೆ ಕೇಳಿದರೆ ಮಾತು ನಿಲ್ಲುತ್ತದೆ. ತಪ್ಪು ಅವರದಲ್ಲ. ರಾಜರ ಹೆಸರು, ಇಸವಿ, ಪುರಾಣದ ಕಥೆ ಇವನ್ನು ಕಿವಿಗೆ ತುಂಬುವವರು ಸಿಗುತ್ತಾರೆ. ಕಣ್ಣಿಗೆ ಕೆಲಸ ಕೊಡುವವರು ಸಿಗುವುದಿಲ್ಲ. ಶಿಲ್ಪವನ್ನು ನೋಡುವ ಕಣ್ಣು ಹೋಲಿಕೆಯಿಂದ ಮಾತ್ರ ಬರುತ್ತದೆ ಎಂಬುದು ನನ್ನ ವಾದ. ಒಂದೇ ರಾಗವನ್ನು ಎಷ್ಟು ಸಲ ಕೇಳಿದರೂ ರಾಗಜ್ಞಾನ ಬರುವುದಿಲ್ಲ. ತೋಡಿಯ ಬೆನ್ನಿಗೆ ಭೈರವಿ ಕೇಳಬೇಕು. ಗುಡಿಯೂ ಅಷ್ಟೇ. ಹೊಸಬರಿಗೆ ಹೋಲಿಕೆ ಕಲಿಯಲು ಮಲಪ್ರಭೆಯ ಈ ಕಣಿವೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಆರನೆಯ ಶತಮಾನದಿಂದ ಎಂಟನೆಯ ಶತಮಾನದವರೆಗೆ ಇಲ್ಲಿ ಆಳಿದ ಮನೆತನ ಒಂದೇ, ಬಾದಾಮಿಯ ಚಾಲುಕ್ಯರದು. ಬಳಸಿದ್ದು ಒಂದೇ ಜಾತಿಯ ಮರಳುಗಲ್ಲು. ಕಲ್ಲೂ ನಾಡೂ ಒಂದೇ ಆಗಿದ್ದು ಎರಡು ಗುಡಿಗಳು ಬೇರೆಯಾಗಿ ಕಂಡರೆ, ಆ ವ್ಯತ್ಯಾಸ ಬಹುಮಟ್ಟಿಗೆ ಮಾಡಿದವರ ಆಯ್ಕೆಯೇ ಸರಿ.

ಪಟ್ಟದಕಲ್ಲಿನಿಂದ ಶುರು ಮಾಡಿ. ಒಳಗೆ ಹೋಗುವ ಆತುರ ಬಿಟ್ಟು, ಗಳಗನಾಥ ಮತ್ತು ಸಂಗಮೇಶ್ವರ ಎರಡೂ ಕಣ್ಣಿಗೆ ಬೀಳುವ ಕಡೆ ನಿಂತು ಶಿಖರಗಳನ್ನಷ್ಟೇ ನೋಡಿ. ಗಳಗನಾಥದ್ದು ನಾಗರ ಶಿಖರ: ಬುಡದಿಂದ ತುದಿಯವರೆಗೆ ಗೆರೆಗಳು ಎಲ್ಲೂ ತುಂಡಾಗದೆ ಬಾಗಿ ಏರಿ, ಸುತ್ತ ಏಣು ಕೆತ್ತಿದ ಚಪ್ಪಟೆ ಗುಂಡಿನಂಥ ಆಮಲಕಕ್ಕೆ ಸೇರುತ್ತವೆ. ಸಂಗಮೇಶ್ವರದ್ದು ದ್ರಾವಿಡ: ಅಂತಸ್ತಿನ ಮೇಲೆ ಅಂತಸ್ತು, ಪ್ರತಿ ಅಂತಸ್ತಿನ ಅಂಚಿನಲ್ಲಿ ಪುಟ್ಟ ಪುಟ್ಟ ಗುಡಿಗಳ ಸಾಲು. ಒಂದರಲ್ಲಿ ನೋಟ ಜಾರಿಕೊಂಡು ಮೇಲೇರುತ್ತದೆ. ಇನ್ನೊಂದರಲ್ಲಿ ನಿಂತು ನಿಂತು ಹತ್ತುತ್ತದೆ. ಇಷ್ಟು ಮನಸ್ಸಿಗೆ ಬಂದ ಮೇಲೆ ಸಂಗಮೇಶ್ವರದಿಂದ ವಿರೂಪಾಕ್ಷಕ್ಕೆ ನಡೆಯಿರಿ. ಮೊದಲನೆಯದು ವಿಜಯಾದಿತ್ಯನ ಕಾಲದ್ದು (696–733), ಎರಡನೆಯದು ಅವನ ಮಗ ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಸುಮಾರು 740ರಲ್ಲಿ ಕಟ್ಟಿಸಿದ್ದು. ಎರಡೂ ದ್ರಾವಿಡವೇ. ಆದರೆ ಸಂಗಮೇಶ್ವರದ ಶಿಖರದ ಮುಂಭಾಗ ಬೋಳು. ವಿರೂಪಾಕ್ಷದಲ್ಲಿ ಅಲ್ಲಿಂದ ಶುಕನಾಸ ಎಂಬ ಭಾಗ ಮುಂದಕ್ಕೆ ಚಾಚಿದೆ. ಆ ಒಂದು ಚಾಚು ಶಿಖರವನ್ನೂ ಮುಂದಿನ ಮಂಟಪವನ್ನೂ ಕಟ್ಟಿಹಾಕಿ ಇಡೀ ಕಟ್ಟಡಕ್ಕೆ ಮುಖ ಕೊಡುತ್ತದೆ. ತಂದೆಗೂ ಮಗನಿಗೂ ನಡುವೆ ಕಂಚಿಯ ದಂಡಯಾತ್ರೆ ಬಂದುಹೋಗಿದೆ. ಗೆದ್ದ ಊರಿನ ಕೈಲಾಸನಾಥ ಗುಡಿಯ ಸಂಪತ್ತನ್ನು ದೇವರಿಗೇ ಮರಳಿಸಿದೆನೆಂದು ವಿಕ್ರಮಾದಿತ್ಯ ಅಲ್ಲಿ ಕನ್ನಡ ಶಾಸನ ಹಾಕಿಸಿದ್ದಾನೆ. ಮುಂದೆಂದಾದರೂ ಕಂಚಿಗೆ ಹೋದರೆ ವಿರೂಪಾಕ್ಷವನ್ನು ನೆನಪಿನಲ್ಲಿಟ್ಟುಕೊಂಡು ನೋಡಿ. ಅಲ್ಲಿ ಗೋಡೆಯ ಮೂಲೆಮೂಲೆಗೂ ಮುಂಗಾಲೆತ್ತಿ ನಿಂತ ಸಿಂಹಗಳು; ಪಟ್ಟದಕಲ್ಲಿನ ಗೋಡೆಗೆ ಆ ಅಬ್ಬರ ಬೇಕಾಗಿಲ್ಲ. ಸ್ಫೂರ್ತಿ ಅಲ್ಲಿಂದ ಬಂದಿರಬಹುದು, ನಕಲು ಮಾತ್ರ ಅಲ್ಲ.

ಚೆನ್ನಾಗಿಲ್ಲದ್ದನ್ನು ನೋಡುವುದೂ ರಸಿಕನ ಕೆಲಸವೇ. ಪಟ್ಟದಕಲ್ಲಿನ ಪಾಪನಾಥಕ್ಕೆ ಹೋಗಿ. ಒಂದರ ಹಿಂದೊಂದು ಮಂಟಪ ಸೇರಿ ಕಟ್ಟಡ ಉದ್ದವಾಯಿತು; ಹಿಂದಿನ ನಾಗರ ಶಿಖರ ಮಾತ್ರ ಸಣ್ಣದಾಗಿಯೇ ಉಳಿಯಿತು. ಗೋಡೆಯ ರಾಮಾಯಣದ ಫಲಕಗಳು ಎಷ್ಟೇ ಸೊಗಸಾಗಿರಲಿ, ದೂರದಿಂದ ನೋಡಿದರೆ ದೇಹಕ್ಕೆ ತಕ್ಕ ತಲೆಯಿಲ್ಲ. ಪಾಪನಾಥದಲ್ಲಿ ಏನು ತಪ್ಪಿದೆ ಎಂದು ಕಂಡವರಿಗೇ ವಿರೂಪಾಕ್ಷದಲ್ಲಿ ಏನು ಕೂಡಿಬಂದಿದೆ ಎಂಬುದು ತಿಳಿಯುತ್ತದೆ. ಎಲ್ಲವನ್ನೂ ಹೊಗಳುವವನು ಯಾವುದನ್ನೂ ನೋಡಿರುವುದಿಲ್ಲ.

ಇಲ್ಲೊಂದು ಎಚ್ಚರಿಕೆ ಬೇಕು. ಹೋಲಿಕೆ ಮೆಟ್ಟಿಲಾಗಬಾರದು. ಸರಳವಾದದ್ದು ಹಳೆಯದು, ಸಂಕೀರ್ಣವಾದದ್ದು ಹೊಸದು ಎಂಬ ಲೆಕ್ಕದಲ್ಲಿ ಐಹೊಳೆಯ ಲಾಡಖಾನ್ ಗುಡಿಯನ್ನು ಹಿಂದಿನ ವಿದ್ವಾಂಸರು ಐದನೆಯ ಶತಮಾನಕ್ಕೆ ಒಯ್ದಿದ್ದರು. ಇಳಿಜಾರಿನ ಕಲ್ಲುಚಪ್ಪಡಿಯ ಮಾಡು, ಸಂದುಗಳ ಮೇಲೆ ಮರದ ಪಟ್ಟಿಯಂತೆ ಕೂಡಿಸಿದ ಕಲ್ಲಿನ ಪಟ್ಟಿ, ಮನೆಯಂಥ ರೂಪ ನೋಡಿದರೆ ಯಾರಿಗಾದರೂ ಹಾಗೆನಿಸೀತು. ಆಮೇಲಿನವರು ಅದನ್ನು ಏಳನೆಯ ಶತಮಾನದ ಕೊನೆ ಅಥವಾ ಎಂಟರ ಆರಂಭಕ್ಕೆ ತಂದರು. ಎಂದರೆ ಶಿಖರಗಳು ಮೇಲೇಳುತ್ತಿದ್ದ ಕಾಲದಲ್ಲೇ, ಅದೇ ನಾಡಿನಲ್ಲಿ, ಇಂಥದ್ದೂ ಬೇಕೆನ್ನುವವರಿದ್ದರು. ಪಠ್ಯಪುಸ್ತಕದ ‘ವಾಸ್ತುಶಿಲ್ಪದ ತೊಟ್ಟಿಲು’ ಎಂಬ ಬಿರುದು ಐಹೊಳೆಯನ್ನು ಸದಾ ಕೂಸಾಗಿಯೇ ಇಟ್ಟುಬಿಟ್ಟಿದೆ.

ಗುಡಿಗೆ ಹೋಗುವುದು ಕೈಮುಗಿಯಲು, ಅಳೆದು ತೂಗಲು ಅಲ್ಲ ಎಂಬ ಆಕ್ಷೇಪ ಹಗುರವಾದದ್ದಲ್ಲ. ವಿರೂಪಾಕ್ಷನಿಗೆ ಇಂದಿಗೂ ಪೂಜೆ ನಡೆಯುತ್ತದೆ. ಆ ಹೊತ್ತಿನಲ್ಲಿ ಕ್ಯಾಮೆರಾ ಹಿಡಿದು ಗರ್ಭಗುಡಿಯ ಬಾಗಿಲಿಗೆ ಅಡ್ಡ ನಿಲ್ಲುವುದು ಅಸಭ್ಯತನವೇ. ಆದರೆ ಭಕ್ತಿಗೂ ಕುಶಲತೆಯ ಮೆಚ್ಚುಗೆಗೂ ಜಗಳ ಹಚ್ಚಿದವರು ನಾವು. ಆ ಗುಡಿಯ ಶಾಸನಗಳೇ ಸೂತ್ರಧಾರಿ ಗುಂಡ ಅನಿವಾರಿತಾಚಾರಿಯನ್ನೂ ಸರ್ವಸಿದ್ಧಿ ಆಚಾರಿಯನ್ನೂ ಹೆಸರು ಹಿಡಿದು, ಬಿರುದುಗಳ ಸಮೇತ ಕೊಂಡಾಡುತ್ತವೆ. ಕಟ್ಟಿಸಿದವರಿಗೆ ಕಟ್ಟಿದವರನ್ನು ಹೊಗಳಲು ಸಂಕೋಚವಿರಲಿಲ್ಲ. ಇಷ್ಟೆಲ್ಲ ಲೆಕ್ಕ ಹಾಕುತ್ತ ನಿಂತರೆ ಆನಂದ ಎಲ್ಲಿ ಉಳಿಯಿತು ಎನ್ನುವವರೂ ಇದ್ದಾರೆ. ಬಾದಾಮಿಯ ಮೊದಲ ಗುಹೆಯ ಹದಿನೆಂಟು ಕೈಗಳ ನಟರಾಜನನ್ನು ನೋಡಿ, ಆಮೇಲೆ ಐಹೊಳೆಯ ರಾವಣಫಡಿ ಗುಹೆಯಲ್ಲಿ ಸಪ್ತಮಾತೃಕೆಯರ ನಡುವೆ ಕುಣಿಯುವ ಹತ್ತು ಕೈಗಳ ಶಿವನನ್ನು ನೋಡಲಿ. ಬಾದಾಮಿಯವನದು ತುಂಬಿದ ಮೈ, ಬೀಸಣಿಗೆಯಂತೆ ಬಿಚ್ಚಿಕೊಂಡ ತೋಳುಗಳು. ರಾವಣಫಡಿಯವರದು ನೀಳ ಮೈ, ಎತ್ತರದ ಕಿರೀಟ, ಬಟ್ಟೆಯ ನೆರಿಗೆಗೆ ಗೀರಿದ ಸಣ್ಣ ಗೆರೆಗಳು. ಎರಡನೆಯದನ್ನು ಕಂಡ ಮೇಲೆ ಮೊದಲನೆಯವನ ಕುಣಿತ ಇನ್ನಷ್ಟು ಕಾಣುತ್ತದೆ. ಇದರಿಂದ ಆನಂದ ಕಡಿಮೆಯಾಗುವುದಾದರೂ ಹೇಗೆ?

ವಸ್ತುಸಂಗ್ರಹಾಲಯವನ್ನು ಗುಡಿಯ ನಂತರ ನೋಡಬೇಕು, ಮೊದಲಲ್ಲ. ಐಹೊಳೆಯ ಹುಚ್ಚಪ್ಪಯ್ಯನ ಗುಡಿಯ ಛಾವಣಿಯ ಬ್ರಹ್ಮ, ವಿಷ್ಣು, ಶಿವರ ಫಲಕಗಳು ಇಂದು ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯದಲ್ಲಿವೆ. ಕತ್ತು ಎತ್ತಿ, ಮಬ್ಬು ಬೆಳಕಿನಲ್ಲಿ ನೋಡಲೆಂದು ಕೆತ್ತಿದ ದೇವರು ಅಲ್ಲಿ ದೀಪದ ಬೆಳಕಿನಲ್ಲಿ ನಮ್ಮೆದುರಿಗೇ ಸಿಗುತ್ತಾರೆ. ಉಳಿಯ ಕೆಲಸ ಸ್ಪಷ್ಟವಾಗಿ ಕಾಣುತ್ತದೆ. ಶಿಲ್ಪಿ ಯಾವ ಕೋನಕ್ಕೆ ಲೆಕ್ಕ ಹಾಕಿದ್ದನೋ ಅದು ತಪ್ಪಿಹೋಗಿದೆ. ಐಹೊಳೆಯಲ್ಲಿ ಛಾವಣಿಗಳನ್ನು ನೋಡಿದವರು ಆ ಕೋನವನ್ನು ಮನಸ್ಸಿನಲ್ಲೇ ತುಂಬಿಕೊಳ್ಳಬಲ್ಲರು. ಬಾದಾಮಿಯ ಸಂಗ್ರಹಾಲಯದಲ್ಲಿರುವ, ತಲೆಯ ಜಾಗದಲ್ಲಿ ಕಮಲವಿರುವ ಲಜ್ಜಾಗೌರಿಯೂ ನಾಗನಾಥಕೊಳ್ಳದ ಗುಡಿಯಿಂದ ಬಂದವಳು.

ಇದೇ ಕಣ್ಣನ್ನು ಅಂಗಡಿಗೂ ಕೊಂಡೊಯ್ಯಿರಿ. ಇಳಕಲ್ಲೂ ಗುಳೇದಗುಡ್ಡವೂ ಇದೇ ಬಾಗಲಕೋಟೆ ಜಿಲ್ಲೆಯ ನೇಕಾರರ ಊರುಗಳು. ಇಳಕಲ್ ಸೀರೆಯ ಜೀವ ಇರುವುದು ಒಡಲಿನ ಹಾಸುನೂಲಿಗೆ ಸೆರಗಿನ ರೇಷ್ಮೆ ಹಾಸನ್ನು ಕೊಂಡಿ ಹಾಕಿ ಜೋಡಿಸುವಲ್ಲಿ. ಸೀರೆ ಬಿಡಿಸಿ, ಒಡಲೂ ಸೆರಗೂ ಕೂಡುವ ಗೆರೆಯನ್ನು ಎರಡೂ ಬದಿಯಿಂದ ನೋಡಿ. ಪಕ್ಕದಲ್ಲಿ ಪವರ್‌ಲೂಮಿನ ಅಗ್ಗದ ಸೀರೆಯೊಂದನ್ನು ಹರವಿಸಿ. ಕಸೂತಿಯ ಗವಂತಿ ಹೊಲಿಗೆಯಾದರೆ ಗಂಟು ಕಾಣಬಾರದು, ಮೇಲೂ ಕೆಳಗೂ ಒಂದೇ ಥರ ಇರಬೇಕು. ಬಟ್ಟೆಯ ಬೆನ್ನು ನೋಡದೆ ಬೆಲೆ ಹೆಚ್ಚಾಯಿತೆಂದು ಚೌಕಾಸಿಗೆ ಇಳಿಯುವುದು ನ್ಯಾಯವಲ್ಲ. ಎಷ್ಟು ಕೈಕೆಲಸಕ್ಕೆ ಹಣ ಕೊಡುತ್ತಿದ್ದೀರಿ ಎಂಬುದು ಆಗ ನಿಮಗೇ ಗೊತ್ತಿರುವುದಿಲ್ಲ. ಹಾಗೆಯೇ ನೂರಕ್ಕೂ ಹೆಚ್ಚು ಗುಡಿಗಳಿರುವ ಐಹೊಳೆಯನ್ನು ಪೂರ್ತಿ ಮುಗಿಸುವ ಹಟವನ್ನೂ ಬಿಟ್ಟುಬಿಡಿ. ಎರಡು ದಿನವಿದ್ದರೆ ಆರು ಗುಡಿ ಆರಿಸಿ, ಜೋಡಿ ಜೋಡಿಯಾಗಿ ನೋಡಿ. ಉಳಿದವನ್ನು ಮುಂದಿನ ಸಲಕ್ಕೆ ಇಟ್ಟುಕೊಳ್ಳಿ.