ಅಪ್ಪನ ಬುರುಡೆ, ಮಗನ ಸರದಿ

ಬುರುಡೆಯಲ್ಲಿ ಎರಡು ಜಾತಿ. ಮೋಸ ಮಾಡಲು ಬಿಡುವುದು ಒಂದು. ಇದ್ದದ್ದು ಇದ್ದಂತೆ ಹೇಳಿದರೆ ಸಪ್ಪೆ ಎಂದು ಒಗ್ಗರಣೆ ಹಾಕುವುದು ಇನ್ನೊಂದು. ಟಿಮ್ ಬರ್ಟನ್ ಅವರ ‘ಬಿಗ್ ಫಿಶ್’ (2003) ಚಿತ್ರದ ಎಡ್ವರ್ಡ್ ಬ್ಲೂಮ್ ಎರಡನೆಯ ಜಾತಿಯವನು. ಅಲಬಾಮಾದ ಈ ಊರೂರು ಅಲೆಯುವ ಮಾರಾಟಗಾರನ ಬಾಯಲ್ಲಿ ದೈತ್ಯನಿದ್ದಾನೆ, ನೋಡಿದವರಿಗೆ ಅವರವರ ಸಾವು ತೋರಿಸುವ ಗಾಜುಗಣ್ಣಿನ ಮಾಟಗಾತಿಯಿದ್ದಾಳೆ, ಮಗ ಹುಟ್ಟಿದ ದಿನ ಮದುವೆಯುಂಗುರ ನುಂಗಿದ ಮೀನೂ ಇದೆ.

ಆ ಮೀನಿನ ಕಥೆಯನ್ನು ಅಪ್ಪ ಮಗನ ಮದುವೆಯಲ್ಲೂ ಹೇಳುತ್ತಾನೆ. ಮಗ ವಿಲ್‌ಗೆ ರೇಗಿಹೋಗುತ್ತದೆ. ಮೂರು ವರ್ಷ ಮಾತಿಲ್ಲ. ಅಪ್ಪ ಸಾಯುವ ಹಂತದಲ್ಲಿದ್ದಾನೆಂದು ತಿಳಿದು ಊರಿಗೆ ಬರುತ್ತಾನೆ. ವಿಲ್ ಪತ್ರಕರ್ತ. ಅವನಿಗೆ ಬೇಕಾದದ್ದು ನಿಜ ಮಾತ್ರ.

ಆ ನಿಜ ಮನೆಯ ಹಳೆಯ ಡಾಕ್ಟರಿಂದ ಸಿಗುತ್ತದೆ. ವಿಲ್ ಹುಟ್ಟಿದಾಗ ಅಪ್ಪ ವ್ಯಾಪಾರಕ್ಕೆಂದು ಪರಊರಿನಲ್ಲಿದ್ದ, ಹೆರಿಗೆ ಸಲೀಸಾಯಿತು. ಅಷ್ಟೇ. ನನ್ನನ್ನು ಕೇಳಿದರೆ ಮೀನಿನ ಕಥೆಯೇ ವಾಸಿ ಎನ್ನುತ್ತಾರೆ ಡಾಕ್ಟರು. ಹೆಂಡತಿಯ ಬಳಿ ಇರಲಾಗದ ದಿನವನ್ನು ಅಪ್ಪ ಕಥೆಯಿಂದ ತುಂಬಿಸಿದ್ದಾನೆಂದು ಆಗ ನಮಗೆ ಹೊಳೆಯುತ್ತದೆ.

ಡೇನಿಯಲ್ ವಾಲೆಸ್ ಅವರ 1998ರ ಕಾದಂಬರಿಯನ್ನು ಚಿತ್ರಕಥೆಯಾಗಿಸಿದವರು ಜಾನ್ ಆಗಸ್ಟ್. ಬರ್ಟನ್ ಇದನ್ನು ಕೈಗೆತ್ತಿಕೊಂಡದ್ದು ತಂದೆ, ತಾಯಿ ಇಬ್ಬರನ್ನೂ ಕಳೆದುಕೊಂಡ ಮೇಲೆ. ಯುವ ಎಡ್ವರ್ಡ್ ಆಗಿ ಇವಾನ್ ಮೆಕ್‌ಗ್ರೆಗರ್ ನಗು ಚೆಲ್ಲುತ್ತಾರೆ. ಅವನು ತನ್ನ ಹುಡುಗಿಯನ್ನು ಮೊದಲು ಕಂಡಾಗ ಸರ್ಕಸ್ಸಿನಲ್ಲಿ ಕಾಲ ನಿಂತು ಪಾಪ್‌ಕಾರ್ನ್ ಗಾಳಿಯಲ್ಲಿ ತೂಗಾಡುವ ದೃಶ್ಯ ಎಲ್ಲರಿಗೂ ನೆನಪಿರುತ್ತದೆ. ತಾಯಿಯ ಪಾತ್ರಕ್ಕೆ ಮಾತ್ರ ಕೈ ಬಿಗಿಹಿಡಿದಿದ್ದಾರೆ. ಆದರೂ ಉಟ್ಟ ಬಟ್ಟೆಯಲ್ಲೇ ಗಂಡನ ಸ್ನಾನದ ತೊಟ್ಟಿಗಿಳಿಯುವ ಒಂದೇ ದೃಶ್ಯದಲ್ಲಿ ಜೆಸ್ಸಿಕಾ ಲ್ಯಾಂಗ್ ಒಂದು ಇಡೀ ದಾಂಪತ್ಯವನ್ನು ಕಾಣಿಸುತ್ತಾರೆ.

ನಾನು ಮತ್ತೆ ಮತ್ತೆ ನೋಡುವುದು ಆಸ್ಪತ್ರೆಯ ದೃಶ್ಯವನ್ನು. ನಾನು ಹೇಗೆ ಸಾಯುತ್ತೇನೆ, ಹೇಳು ಎಂದು ಅಪ್ಪ ಕೇಳುತ್ತಾನೆ. ಮಗನಿಗೆ ಕಥೆ ಕಟ್ಟಿ ಗೊತ್ತಿಲ್ಲ, ತಡವರಿಸುತ್ತಾನೆ. ಆಮೇಲೆ ಅವನ ಕಥೆಯಲ್ಲಿ ಇಬ್ಬರೂ ಆಸ್ಪತ್ರೆಯಿಂದ ಪರಾರಿ, ನದಿಯ ದಡದಲ್ಲಿ ಕಾದಿರುವ ಪರಿಚಿತರೆಲ್ಲ, ನೀರಿಗಿಳಿದು ಮೀನಾಗುವ ಅಪ್ಪ. ಇಲ್ಲಿ ಮುದಿ ಎಡ್ವರ್ಡ್ ಆಗಿರುವ ಆಲ್ಬರ್ಟ್ ಫಿನ್ನಿ ಅವರ ಮುಖ ನೋಡಬೇಕು. ಜೀವಮಾನವಿಡೀ ಬೇರೆಯವರಿಗೆ ಬಾಯಿ ತೆರೆಯಲು ಬಿಡದವನು ಈಗ ಮಗುವಿನಂತೆ ಕಥೆ ಕೇಳುತ್ತಿದ್ದಾನೆ.

ಆಮೇಲೆ ಅಂತ್ಯಕ್ರಿಯೆ. ದೈತ್ಯ ಬರುತ್ತಾನೆ: ಬಹಳ ಎತ್ತರದವನು, ಅಷ್ಟೇ. ಅಪ್ಪನ ಕಥೆಯಲ್ಲಿ ಅಂಟಿಕೊಂಡಿದ್ದ ಸಯಾಮಿ ಅವಳಿಗಳು ಬರುತ್ತಾರೆ: ಬೇರೆ ಬೇರೆ ನಡೆಯುವ ಅಕ್ಕತಂಗಿಯರು. ಅಪ್ಪ ಅಳತೆ ಹಿಗ್ಗಿಸಿದ್ದನೇ ಹೊರತು ಇಲ್ಲದವರನ್ನು ಸೃಷ್ಟಿಸಿರಲಿಲ್ಲ. ನಿಜಕ್ಕಾಗಿ ಹಟ ಹಿಡಿದಷ್ಟು ದಿನವೂ ಮಗನಿಗೆ ಅದು ದಕ್ಕಲಿಲ್ಲ. ತಾನೇ ಒಂದು ಬುರುಡೆ ಬಿಟ್ಟ ಮೇಲೆ ಅದು ಕಪ್ಪು ಕೋಟು ತೊಟ್ಟು, ಸಾಲಾಗಿ ಅವನ ಮುಂದೆ ಬಂದು ನಿಂತಿತು.