ಬೆಳದಿಂಗಳ ಸುಳ್ಳು, ಬೆಳ್ಳಿಯ ಸುಳ್ಳು

ಹೈದರಾಬಾದಿನಲ್ಲಿ ಮದುವೆ ಉಡುಗೊರೆಗೆಂದು ಬಿದರಿ ಹೂದಾನಿ ಹುಡುಕುತ್ತಿದ್ದಾಗ ಮೊಬೈಲಿನಲ್ಲಿ ಒಂದು ಜಾಹೀರಾತು ಕಂಡಿತು. ಅದರಲ್ಲಿದ್ದದ್ದು ಮೂರೇ ಮಾತು: ಬೆಳದಿಂಗಳೇ ಇಳಿದು ಬಂದ ಹೂದಾನಿ, ನೂರಾರು ವರ್ಷ ಮಾಸದ ಹೊಳಪು, ಅಪ್ಪಟ ಬೆಳ್ಳಿಯ, ಪೂರ್ತಿ ಕೈಕೆಲಸ. ಟೀಚರ್ ಚಟ ನೋಡಿ, ಕೊಳ್ಳೋದು ಬಿಟ್ಟು ವಾಕ್ಯ ತಿದ್ದೋಕೆ ಕೂತೆ.

ಕನ್ನಡದಲ್ಲಿ ಅತಿಶಯೋಕ್ತಿ ಒಂದು ಅಲಂಕಾರ. ಉರ್ದುವಿನಲ್ಲಿ ಇದಕ್ಕೆ ಮುಬಾಲಗಾ ಅಂತಾರೆ. ಅದರಲ್ಲಿ ಮೂರು ಮೆಟ್ಟಿಲು. ಬುದ್ಧಿಗೂ ಲೋಕದ ಅನುಭವಕ್ಕೂ ಒಪ್ಪುವಂಥದ್ದು ತಬ್ಲೀಗ್. ಬುದ್ಧಿ ಒಪ್ಪಿದರೂ ಅನುಭವದಲ್ಲಿ ಕಾಣದ್ದು ಇಗ್ರಾಕ್. ಎರಡಕ್ಕೂ ಒಪ್ಪದ್ದು ಗುಲೂ. ಕಾವ್ಯದಲ್ಲಿ ವಿಮರ್ಶಕರು ಹೆಚ್ಚು ಅನುಮಾನಿಸೋದು ಗುಲೂವನ್ನೇ. ಜಾಹೀರಾತಿನಲ್ಲಿ ಈ ಲೆಕ್ಕ ತಲೆಕೆಳಗಾಗುತ್ತೆ.

ಬೆಳದಿಂಗಳ ಮಾತು ಗುಲೂ. ಅದನ್ನು ನಂಬಿ ಯಾರೂ ದುಡ್ಡು ಕಳೆದುಕೊಳ್ಳಲ್ಲ. ಮಾಸದ ಹೊಳಪು ಇಗ್ರಾಕ್. ಬಿದರಿ ಇಟ್ಟುಕೊಂಡ ಮನೆಯವರು ಆಗಾಗ ಎಣ್ಣೆ ಹಚ್ಚಿ ಒರೆಸೋದನ್ನು ಕಂಡವರಿಗೆ ಅದರ ನಿಜ ಗೊತ್ತು. ಮೋಸ ಇರೋದು ಮೂರನೆಯದರಲ್ಲಿ. ಅದು ಉತ್ಪ್ರೇಕ್ಷೆಯಂತೆ ಕಾಣೋದೇ ಇಲ್ಲ, ಮಾಹಿತಿಯಂತೆ ಕಾಣುತ್ತೆ.

ಬಿದರಿಯ ಮೈ ಬೆಳ್ಳಿಯದಲ್ಲ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದದ್ದು. ಕಾರೀಗರ ಅದರ ಮೇಲೆ ಉಳಿಯಿಂದ ಚಿತ್ತಾರ ಕೊರೆದು, ಆ ಗೆರೆಗಳಲ್ಲಿ ಬೆಳ್ಳಿಯ ತಂತಿ, ತಗಡು ಕೂರಿಸಿ ಬಡಿಯುತ್ತಾನೆ. ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ ಕಲೆಸಿದ ನೀರು ತಾಕಿದಾಗ ಮೈ ಕಪ್ಪಾಗುತ್ತೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತೆ. ಉಜ್ಜಿ ನುಣುಪು ಮಾಡೋಕೆ ಈಗ ಯಂತ್ರ ಬಳಸುವವರೂ ಇದ್ದಾರೆ. ಇದರಲ್ಲಿ ನಾಚಿಕೆ ಪಡುವಂಥದ್ದೇನಿದೆ? ಯಾವ ಹಂತ ಕೈಯದು, ಯಾವುದು ಯಂತ್ರದ್ದು ಅಂತ ಹೇಳಿದರೆ ಸಾಕಿತ್ತು. ಬೀದರಿನ ಶಾಹ್ ರಶೀದ್ ಅಹ್ಮದ್ ಕಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಈ ಹುನರ್‌ಗೆ, ಬೆಳ್ಳಿಯ ತೂಕಕ್ಕಲ್ಲ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸುಳ್ಳು ಹೇಳೋದಷ್ಟೇ ಅಲ್ಲ, ಮುಖ್ಯ ಸಂಗತಿಯನ್ನು ಬೇಕಂತಲೇ ಮುಚ್ಚಿಡೋದೂ ದಾರಿ ತಪ್ಪಿಸುವ ಜಾಹೀರಾತೇ. ಆದರೆ ನನ್ನ ತಕರಾರು ಕಾನೂನಿನದಷ್ಟೇ ಅಲ್ಲ. ಅಪ್ಪಟ ಬೆಳ್ಳಿ ಅಂತ ನಂಬಿ ಕೊಂಡವರಿಗೆ ನಾಳೆ ಅಕ್ಕಸಾಲಿಗ ‘ಇದು ಸತುವಮ್ಮಾ’ ಅಂದರೆ, ಅವರು ಬೈಯೋದು ಜಾಹೀರಾತು ಬರೆದವನನ್ನಲ್ಲ. ‘ಬಿದರಿಯವರು ಮೋಸಗಾರರು’ ಅಂತಾರೆ. ಬರೆದವನು ಆಡಿದ ಮಾತಿನ ಸಾಲ ತೀರಿಸೋದು ಉಳಿ ಹಿಡಿದವನು.

ನಾನು ತಿದ್ದಿದ ವಾಕ್ಯ ಹೀಗಿದೆ: ‘ಸತುವಿನ ಮೈ, ಬೆಳ್ಳಿಯ ಕಸೂತಿ, ಕೆತ್ತಿದ್ದು, ಕೂರಿಸಿದ್ದು ಕೈಯಿಂದ.’ ಅದರ ಕೆಳಗೆ ಮಾಡಿದವರ ಹೆಸರು ಬರಲಿ. ಆಮೇಲೆ ಬೆಳದಿಂಗಳ ಮಾತು ಬೇಕಾದರೆ ಇರಲಿ ಬಿಡಿ, ಅದು ಯಾರ ಜೇಬಿಗೂ ಕೈ ಹಾಕಲ್ಲ.